ಲೇಬಲ್ಲಿನಿಂದ ತೆಗೆದ ಮೂರು ಸಾಲು

ಪ್ರೆಸ್ಸಿನ ಪ್ರೂಫ್ ಕೋಣೆ,
ಮಂಗಳವಾರ, ತಾರೀಖು ೧೧,
ಮಧ್ಯಾಹ್ನ, ಊಟದ ಬಿಡುವು

ಪ್ರೀತಿಯ ಮಗಳೇ,

ಎಂದಿನ ಹಾಗೆ ‘ಚಿ. ಸೌ.’ ಎಂದು ಶುರು ಮಾಡಹೋದೆ. ‘ಚಿ’ ಸಲೀಸಾಗಿ ಬಂತು, ‘ಸೌ’ ಹತ್ತಿರ ಪೆನ್ನು ನಿಂತಿತು. ಆ ಹಾಳೆಯನ್ನು ಹರಿದುಹಾಕಿ ಇದನ್ನು ತೆಗೆದುಕೊಂಡಿದ್ದೇನೆ. ಮೂವತ್ತೊಂದು ವರ್ಷ ಊರವರ ಬರಹವನ್ನೆಲ್ಲ ತಿದ್ದಿದ ಅತ್ತೆಗೆ ಸೊಸೆಗೊಂದು ಕಾಗದ ನೆಟ್ಟಗೆ ಶುರು ಮಾಡಲು ಬರುವುದಿಲ್ಲ ಎಂದು ನಗಬೇಡ. ಇಲ್ಲ, ನಗು. ನೀನು ನಕ್ಕು ಎಷ್ಟು ದಿನವಾಯಿತೋ.

ಆರೋಗ್ಯ ಹೇಗಿದೆ? ಬೆನ್ನುನೋವು ಕಡಿಮೆಯಾಯಿತೇ? ಅಣ್ಣನ ಊರಿನಲ್ಲೂ ಕನ್ನಡಕದ ಅಂಗಡಿಯಲ್ಲೇ ಕೆಲಸ ಸಿಕ್ಕಿತೆಂದು ಕೇಳಿ ಸಮಾಧಾನವಾಯಿತು. ಗಾಜು ಉಜ್ಜುವ ಯಂತ್ರದ ಮುಂದೆ ಬಗ್ಗಿ ಕೂರುವಾಗ ಬೆನ್ನಿಗೊಂದು ದಿಂಬು ಇಟ್ಟುಕೋ, ಸಂಕೋಚಪಡಬೇಡ. ನಮ್ಮ ಚಿನಕುರಳಿ ಹೇಗಿದ್ದಾಳೆ? ಮುಂದಿನ ಹಲ್ಲು ಬಿತ್ತೆಂದು ಭಾನುವಾರ ಫೋನಿನಲ್ಲಿ ಅವಳೇ ಹೇಳಿದಳು. ‘ಅಜ್ಜೀ, ನಂಗೂ ನಿಂಗೂ ಈಗ ಒಂದೇ ಥರ ಬಾಯಿ’ ಅಂದಳು. ನನಗೆ ಕಟ್ಟಿಸಿದ ಹಲ್ಲಿದೆ ಎಂದು ಹೇಳುವಷ್ಟರಲ್ಲಿ ಫೋನು ಇಟ್ಟಾಗಿತ್ತು. ನಾನು ಫೋನು ಮಾಡಿದಾಗಲೆಲ್ಲ ನೀನು ‘ಅತ್ತೆ, ಮಗೂಗೆ ಕೊಡ್ತೀನಿ’ ಎನ್ನುತ್ತೀಯ. ಅದರಲ್ಲಿ ತಪ್ಪಿಲ್ಲ. ನಿನ್ನ ಜಾಗದಲ್ಲಿ ನಾನಿದ್ದಿದ್ದರೆ ಅಷ್ಟನ್ನೂ ಹೇಳುತ್ತಿರಲಿಲ್ಲ. ನನ್ನ ಸುದ್ದಿ ಎಂದಿನದೇ. ಮೆಟ್ಟಿಲು ಕಂಡರೆ ಮೊಣಕಾಲು ಮುನಿಸಿಕೊಳ್ಳುತ್ತದೆ. ನೀನು ಮಾಡಿಕೊಟ್ಟ ಕನ್ನಡಕದ ಬಲಗಡೆಯ ತಿರುಪು ಸಡಿಲವಾಗಿದೆ, ದಾರ ಕಟ್ಟಿಕೊಂಡು ದಿನ ದೂಡುತ್ತಿದ್ದೇನೆ. ಇಲ್ಲಿನ ಅಂಗಡಿಯವನ ಕೈಗೆ ಅದನ್ನು ಕೊಡಲು ಮನಸ್ಸಿಲ್ಲ.

ಈ ಕಾಗದ ಬರೆಯುತ್ತಿರುವುದು ಮೊಕದ್ದಮೆಯ ವಿಷಯಕ್ಕೆ. ಗ್ರಾಹಕರ ಕೋರ್ಟಿನಲ್ಲಿ ಮುಂದಿನ ವಿಚಾರಣೆ ಇಪ್ಪತ್ತೊಂದನೇ ತಾರೀಖು, ಶುಕ್ರವಾರ. ಅದಕ್ಕೆ ಮೊದಲೇ, ಬರುವ ಸೋಮವಾರ, ಕಂಪನಿಯವರ ರಾಜಿ ಪತ್ರಕ್ಕೆ ನೀನು ಸಹಿ ಹಾಕಲಿದ್ದೀಯ ಎಂದು ವಕೀಲಮ್ಮ ಹೋದ ವಾರ ಹೇಳಿದರು. ‘ಅವರಿಗೆ ಸಾಕಾಗಿದೆ ಅಮ್ಮಾ. ನಾನೂ ಒತ್ತಾಯ ಮಾಡೋ ಹಾಗಿಲ್ಲ, ಕೈಯಲ್ಲಿ ಸಾಕ್ಷಿ ಇಲ್ವಲ್ಲ’ ಅಂದರು. ಸಾಕ್ಷಿ ಇದೆ. ಅದನ್ನು ಹೇಳಲಿಕ್ಕೆಂದೇ ಕೂತಿದ್ದೇನೆ. ಇದನ್ನು ಕೊನೆಯವರೆಗೆ ಓದುವ ತನಕ ಸಹಿ ಹಾಕಬೇಡ. ಓದಿದ ಮೇಲೆ ನಿನ್ನ ಇಷ್ಟ, ನಾನು ಅಡ್ಡ ಬರುವುದಿಲ್ಲ.

ಮೊದಲಿನಿಂದ ಹೇಳುತ್ತೇನೆ, ನಿನಗೆ ಗೊತ್ತಿರುವುದನ್ನೂ ಸೇರಿಸಿ. ಏಕೆಂದರೆ ನಡೆದದ್ದನ್ನು ನಾನು ನೆಂಟರಿಷ್ಟರ ಮುಂದೆ ಬೇರೆಯೇ ಥರ ಹೇಳಿಕೊಂಡು ತಿರುಗಿದ್ದೇನೆ. ಹೋದ ವರ್ಷ ಅಗ್ನಿಶಾಮಕ ಠಾಣೆಯ ತಪಾಸಣೆಯಲ್ಲಿ ನಿನ್ನವನ ತೂಕ ಐದು ಕಿಲೋ ಹೆಚ್ಚು ಬಂತು. ಮೂರು ತಿಂಗಳ ಗಡುವು ಕೊಟ್ಟರು. ಅಷ್ಟರಲ್ಲಿ ಮೈ ಇಳಿಸಿ ಏಣಿಯ ಪರೀಕ್ಷೆ ಪಾಸಾಗದಿದ್ದರೆ ಬೆಂಕಿಯಾರಿಸುವ ಬಂಡಿ ಬಿಟ್ಟು ಫೋನಿನ ಮುಂದೆ ಕೂರಬೇಕು. ಠಾಣೆಯಲ್ಲಿ ಅವನ ಹೆಸರೇ ಏಣಿರಾಯ. ನೀರಿನ ಕೊಳವೆಯನ್ನು ಹೆಗಲಿಗೆ ಹಾಕಿಕೊಂಡು ಮೂರು ಅಂತಸ್ತು ಎಲ್ಲರಿಗಿಂತ ಮೊದಲು ಹತ್ತುತ್ತಿದ್ದವನು. ‘ಕೂತ್ಕೊಂಡು ಎಲ್ಲಿ ಬೆಂಕಿ ಅಂತ ಕೇಳೋ ಕೆಲಸ ನಂಗೆ ಬೇಡಮ್ಮ’ ಎಂದು ಎಷ್ಟು ಸಲ ಹೇಳಿದ. ಮೈ ಬೆಳೆಯಲು ನಾವಿಬ್ಬರೂ ಕಾರಣ ಅನ್ನು. ನೀನೊಂದು ಬಡಿಸುವುದು, ನಾನೊಂದು ಬಡಿಸುವುದು. ಅತ್ತೆ ಸೊಸೆಯ ಪೈಪೋಟಿಯಲ್ಲಿ ಅವನ ಬೆಲ್ಟಿಗೆ ಎರಡು ತೂತು ಹೆಚ್ಚಾದವು. ಆಗ ವ್ಯಾಯಾಮಶಾಲೆಯವನು ಆ ಸೀಸೆ ಕೊಟ್ಟ. ಹಸಿರು ಲೇಬಲ್ಲು, ನಡುವೆ ಎಲೆಯ ಚಿತ್ರ. ತೂಕ ಇಳಿಯುತ್ತದೆ, ದಣಿವೇ ಆಗುವುದಿಲ್ಲ, ಬರೀ ಗಿಡಮೂಲಿಕೆ ಎಂದನಂತೆ.

ಆ ಸಂಜೆ ನಿನಗೆ ನೆನಪಿದೆ. ನೀನು ಮಗುವಿನ ತಲೆ ಬಾಚುತ್ತಿದ್ದೆ. ಅವನು ಸೀಸೆಯನ್ನು ನನ್ನ ಕೈಗಿಟ್ಟು ‘ಅಮ್ಮಾ, ಇದು ನಿಮ್ ಪ್ರೆಸ್ಸಿಂದೇ ಅಲ್ವಾ?’ ಎಂದು ಕೇಳಿದ. ಲೇಬಲ್ಲಿನ ತುದಿಯಲ್ಲಿ ಇರುವೆಯಷ್ಟು ಸಣ್ಣದಾಗಿ ನಮ್ಮ ಪ್ರೆಸ್ಸಿನ ಗುರುತಿತ್ತು. ‘ನಮ್ಮದೇ ಕಣೋ, ನಾನೇ ಪ್ರೂಫ್ ನೋಡಿದ್ದು, ಹಸಿರು ಎಷ್ಟು ಚೆನ್ನಾಗಿ ಕೂತಿದೆ ನೋಡು’ ಎಂದು ಬೀಗಿದೆ. ನೀನು ಬಾಚಣಿಗೆ ನಿಲ್ಲಿಸಿ ‘ಇದರಲ್ಲಿ ಏನೇನಿದೆ ಅಂತಾನೇ ಬರೆದಿಲ್ವಲ್ಲ ಅತ್ತೆ. ಒಂದ್ಸಲ ಡಾಕ್ಟ್ರನ್ನ ಕೇಳಬಾರದಾ?’ ಎಂದೆ. ನಾನು ಏನೆಂದೆ ಎಂಬುದನ್ನೂ ಇಲ್ಲಿ ಬರೆದುಬಿಡುತ್ತೇನೆ. ‘ನೀನು ಹಾಲು ಕುಡಿಯೋ ಕಾಲದಿಂದ ನಾನು ಲೇಬಲ್ ನೋಡ್ತಿದ್ದೀನಿ, ನಂಗೆ ಹೇಳಿಕೊಡಬೇಡ’ ಎಂದೆ. ಅವನು ನಡುವೆ ಬಂದು, ನಕ್ಕು, ನೀರು ಕೇಳಿದ. ಮೊದಲ ಮಾತ್ರೆಗೆ ನೀರು ತಂದುಕೊಟ್ಟವಳು ನಾನು. ಠಾಣೆಯಲ್ಲಿ ಯಾರೋ ಅನುಮಾನ ಪಟ್ಟಾಗ ‘ನಮ್ಮಮ್ಮ ನೋಡಿದಾಳೆ ಬಿಡು’ ಅಂದನಂತೆ. ಅವನನ್ನು ಕಳಿಸಿಕೊಟ್ಟು ಬಂದ ದಿನ ಬಂಡಿಯ ಚಾಲಕ ಅಳುತ್ತಾ ಇದನ್ನು ನನಗೆ ಹೇಳಿದ. ನಿನಗೆ ಹೇಳಿರಲಿಲ್ಲ.

ಮೊದಲ ಎರಡು ವಾರ ಮನೆಯಲ್ಲಿ ಸಂಭ್ರಮ. ಮೂರು ಕಿಲೋ ಇಳಿದ, ಬೆಳಗ್ಗೆ ಎದ್ದರೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಆಮೇಲೆ ಅಂಗಿಯ ಗುಂಡಿ ಹಾಕುವಾಗ ಬೆರಳು ನಡುಗತೊಡಗಿತು. ಬಾಯಿ ಒಣಗುತ್ತದೆ ಎಂದು ದಿನಕ್ಕೆ ಏಳೆಂಟು ಲೋಟ ಚಹಾ ಕುಡಿಯುತ್ತಿದ್ದ. ನಿದ್ದೆ ದೂರವಾಯಿತು, ಸುಮ್ಮಸುಮ್ಮನೆ ಮಗುವಿನ ಮೇಲೆ ರೇಗಿದ. ನೀನು ಅವನ ಮಣಿಕಟ್ಟು ಹಿಡಿದು ಗಡಿಯಾರ ನೋಡಿ ನಾಡಿ ಎಣಿಸಿದೆ. ಅಡುಗೆಮನೆಗೆ ಬಂದು ‘ಮಲಗಿದ್ರೂ ಎದೆ ಬಡ್ಕೊಳ್ತಿದೆ ಅತ್ತೆ. ಇದನ್ನ ನಿಲ್ಲಿಸಿ, ಚಹಾನೂ ಕಡಿಮೆ ಮಾಡಿ ಅಂತ ನೀವಾದ್ರೂ ಹೇಳಿ. ನಿಮ್ಮ ಮಾತು ಕೇಳ್ತಾರೆ’ ಎಂದೆ. ಪರೀಕ್ಷೆಯ ಭಯ, ಮುಗಿದ ಮೇಲೆ ತಾನಾಗಿ ಸರಿಹೋಗುತ್ತದೆ ಎಂದು ನಾನು ತರಕಾರಿ ಹೆಚ್ಚುವುದನ್ನು ಮುಂದುವರಿಸಿದೆ. ಪರೀಕ್ಷೆಯ ದಿನ ಬಿಸಿಲು ಸುಡುತ್ತಿತ್ತು. ಎರಡನೇ ಅಂತಸ್ತಿನವರೆಗೆ ಎಂದಿನಂತೆ ಹತ್ತಿದನಂತೆ. ಅಲ್ಲಿ ನಿಂತ. ಬೆಲ್ಟಿನ ಕೊಕ್ಕೆಯನ್ನು ತಾನೇ ಏಣಿಗೆ ಸಿಕ್ಕಿಸಿದ, ಕೆಳಗೆ ನಿಂತವರ ಮೇಲೆ ಬೀಳಬಾರದೆಂದು. ಆಮೇಲೆ ತಲೆ ವಾಲಿತು. ಆ ಕೊಕ್ಕೆ ಬಿಡಿಸಿ ಇಳಿಸಲು ಇಬ್ಬರು ಹತ್ತಬೇಕಾಯಿತು. ಮೂರನೇ ದಿನ ಆಸ್ಪತ್ರೆಯಲ್ಲಿ ನಮ್ಮಿಬ್ಬರ ಕೈಯಲ್ಲೂ ಏನೂ ಉಳಿಯಲಿಲ್ಲ.

ಮಾತ್ರೆಯ ವಿಷಯ ತಿಳಿದಾಗ ಡಾಕ್ಟರು ನಮ್ಮನ್ನು ಓಣಿಯ ಬೆಂಚಿನ ಮೇಲೆ ಕೂರಿಸಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ. ‘ಗಿಡದ್ದು ಅಂದ ಮಾತ್ರಕ್ಕೆ ಸಾಧು ಅಲ್ಲಮ್ಮ. ಕಣಗಿಲೆನೂ ಗಿಡವೇ.’ ಕೆಲವು ಗಿಡಗಳ ಸಾರ ಹೃದಯವನ್ನು ಅಟ್ಟಿಸಿಕೊಂಡು ಓಡಿಸುತ್ತದಂತೆ. ಕೂತಿದ್ದರೂ ಎದೆ ಓಡುತ್ತಿರುತ್ತದೆ, ಅದಕ್ಕೇ ದಣಿವು ಗೊತ್ತಾಗುವುದಿಲ್ಲ, ಹಸಿವು ಸಾಯುತ್ತದೆ, ತೂಕ ಇಳಿಯುತ್ತದೆ. ಅದರ ಜೊತೆ ಕಾಫಿಯಿಂದ ತೆಗೆದ ಉದ್ದೀಪಕವನ್ನೂ ಗಟ್ಟಿಯಾಗಿ ಬೆರೆಸಿರುತ್ತಾರೆ. ಮೇಲಿಂದ ಇವನ ಚಹಾ, ಬಿಸಿಲು, ಏಣಿ. ಮೇವು ಹಾಕದೆ ಕುದುರೆಗೆ ಚಾಟಿ ಬೀಸಿದ ಹಾಗೆ ಎಂದರು. ರಕ್ತದೊತ್ತಡ ಏರಿ ಕೆಲವರಿಗೆ ಮೆದುಳಿನ ನರ ಒಡೆಯುತ್ತದೆ, ಕೆಲವರಿಗೆ ಎದೆಯ ತಾಳ ತಪ್ಪುತ್ತದೆ, ಗಟ್ಟಿಮುಟ್ಟಾದ ಹರೆಯದವರಿಗೂ. ಕೊನೆಗೆ ‘ಸೀಸೆ ಮೇಲೆ ಎಚ್ಚರಿಕೆ ಏನಾದ್ರೂ ಇತ್ತಾ?’ ಎಂದು ಕೇಳಿದರು. ನೀನು ತಿರುಗಿ ನನ್ನ ಮುಖ ನೋಡಿದೆ. ನಾನು ‘ಗೊತ್ತಿಲ್ಲ’ ಎಂದೆ. ಸೀಸೆ ಅವನ ಸಮವಸ್ತ್ರದ ಜೇಬಿನಲ್ಲಿತ್ತು. ಹಿಂದಿನ ದಿನ ತಲೆ ಕೆಟ್ಟವಳ ಹಾಗೆ ಆ ಸಮವಸ್ತ್ರವನ್ನೇ ನಾನು ಬಕೆಟ್ಟಿನಲ್ಲಿ ನೆನೆಹಾಕಿದ್ದೆ. ಮನೆಗೆ ಬಂದು ತೆಗೆದು ನೋಡಿದರೆ ಲೇಬಲ್ಲು ಮುದ್ದೆಯಾಗಿತ್ತು.

ಆಮೇಲೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದೆ. ಮನೆ ತುಂಬ ಜನ ಕೂತಿದ್ದಾಗ ‘ಹೆಂಡತಿ ಆದವಳು ಸರಿಯಾಗಿ ನೋಡ್ಕೊಂಡಿದ್ರೆ ನನ್ನ ಮಗ ಹೀಗೆ ಹೋಗ್ತಿದ್ನಾ?’ ಎಂದೆ. ‘ನಾನು ಬೇಡ ಅಂದಿದ್ದೆ’ ಎಂದು ನೀನು ಅಲ್ಲೇ ಹೇಳಬಹುದಿತ್ತು, ನನ್ನ ಮಾನ ಹರಾಜು ಹಾಕಬಹುದಿತ್ತು. ಮರುದಿನ ಎರಡು ಚೀಲ ತುಂಬಿಕೊಂಡು ಮಗುವಿನ ಕೈ ಹಿಡಿದೆ. ಹೊರಡುವ ಮುಂಚೆ ಮೇಜಿನ ಮೇಲಿದ್ದ ನನ್ನ ಕನ್ನಡಕ ತೆಗೆದು, ತಿರುಪು ಬಿಗಿ ಮಾಡಿ, ಒರೆಸಿ ಇಟ್ಟೆ. ನಾನು ಕದದ ಸಂದಿಯಿಂದ ನೋಡುತ್ತಿದ್ದೆ. ಹೊರಗೆ ಬಂದು ತಡೆಯಬೇಕಿತ್ತು. ತಡೆಯಲಿಲ್ಲ. ಈ ಹತ್ತು ತಿಂಗಳಲ್ಲಿ ಆ ಬಾಗಿಲಿಗೆ ನಾನು ಎಷ್ಟು ಸಲ ಓಡಿ ಬಂದಿದ್ದೇನೆಂದು ನಿನಗೆ ಗೊತ್ತಿಲ್ಲ.

ಅಷ್ಟಾದರೂ ಅವನಿಗಾಗಿ ಓಡಾಡಿದವಳು ನೀನೇ. ಠಾಣೆಯ ಬೀರುವಿನಲ್ಲಿ ಅವನು ಕಾಗದದಲ್ಲಿ ಕಟ್ಟಿಟ್ಟಿದ್ದ ಒಂಬತ್ತು ಮಾತ್ರೆಗಳನ್ನು ಚಾಲಕನಿಂದ ತರಿಸಿ ಪರೀಕ್ಷೆಗೆ ಕಳಿಸಿದೆ, ವಕೀಲಮ್ಮನನ್ನು ಹಿಡಿದೆ. ಕಾಯಿದೆ ಮೂರು ಪ್ರಶ್ನೆ ಕೇಳುತ್ತದೆ ಎಂದು ಅವರು ನಮಗೆ ಬಿಡಿಸಿ ಹೇಳಿದ್ದರು. ಮಾರಿದ್ದರಲ್ಲಿ ಏನಿತ್ತು, ಅದರಿಂದಲೇ ಹಾನಿಯಾಯಿತೇ, ಮತ್ತು ಅಪಾಯ ಗೊತ್ತಿದ್ದೂ ಕೊಳ್ಳುವವರಿಂದ ಮುಚ್ಚಿಟ್ಟರೇ. ಮೊದಲನೆಯದಕ್ಕೆ ಪರೀಕ್ಷೆಯ ವರದಿ ಇದೆ, ಎರಡನೆಯದಕ್ಕೆ ಡಾಕ್ಟರ ಹೇಳಿಕೆ ಇದೆ. ಮೂರನೆಯದರಲ್ಲಿ ಸಿಕ್ಕಿಕೊಂಡೆವು. ಕಂಪನಿಯವರ ಉತ್ತರದ ನಕಲು ನೀನೂ ಓದಿದ್ದೀಯ. ಇದು ಔಷಧವಲ್ಲ, ಬರೀ ಪೂರಕ ಆಹಾರ ಎಂದು ಒಂದು ಕಡೆ. ‘ಮೊದಲ ದಿನದಿಂದಲೂ ಲೇಬಲ್ಲಿನಲ್ಲಿ ಎಚ್ಚರಿಕೆ ಮುದ್ರಿತವಾಗಿದೆ, ಮೃತರು ಅದನ್ನು ಲೆಕ್ಕಿಸದೆ ಬಳಸಿದ್ದಾರೆ’ ಎಂದು ಇನ್ನೊಂದು ಕಡೆ. ಜೊತೆಗೆ ಎಚ್ಚರಿಕೆ ಇರುವ ಹೊಸ ಸೀಸೆಯ ಫೋಟೊ. ಹಳೆಯ ಸೀಸೆಗಳನ್ನೆಲ್ಲ ಸದ್ದಿಲ್ಲದೆ ಅಂಗಡಿಗಳಿಂದ ವಾಪಸು ಒಯ್ದಿದ್ದಾರೆ. ಸತ್ತವನ ಮೇಲೆ ತಪ್ಪು ಹೊರಿಸಿದರೆ ಎದುರು ಮಾತು ಆಡುವವರು ಯಾರು.

ಈಗ ನಮ್ಮ ಕೆಲಸದ ಒಂದು ಗುಟ್ಟು ಹೇಳಬೇಕು. ಪ್ರೂಫನ್ನು ನಾವು ಕೊನೆಯ ಪದದಿಂದ ಮೊದಲ ಪದಕ್ಕೆ ಓದುತ್ತೇವೆ. ನೆಟ್ಟಗೆ ಓದಿದರೆ ಕಣ್ಣು ಅರ್ಥದ ಬೆನ್ನು ಹತ್ತಿ ತಪ್ಪನ್ನು ಹಾರಿಬಿಡುತ್ತದೆ. ಹಿಂದಿನಿಂದ ಓದಿದರೆ ಒಂದೊಂದು ಪದವೂ ಒಂಟಿಯಾಗಿ ಸಿಗುತ್ತದೆ, ತಪ್ಪು ಕೈಗೆ ಬೀಳುತ್ತದೆ. ನನಗೆ ಕೆಲಸ ಕಲಿಸಿದ ಹಿರಿಯರು ‘ಅರ್ಥ ಗಿರಾಕಿ ನೋಡ್ಕೋತಾನೆ, ನೀನು ಅಕ್ಷರ ನೋಡು’ ಎನ್ನುತ್ತಿದ್ದರು. ಫಿನಾಯಿಲು, ತಲೆಗೆಣ್ಣೆ, ಇಲಿಪಾಷಾಣ, ಮಕ್ಕಳ ಸೋಪು, ಎಲ್ಲವನ್ನೂ ಹಾಗೇ ಓದಿದವಳು ನಾನು. ನನ್ನ ಕೈ ದಾಟಿದ ಲೇಬಲ್ಲಿನಲ್ಲಿ ಒಂದು ಕೊಂಬು, ಒಂದು ದೀರ್ಘ ತಪ್ಪಿದ್ದಿಲ್ಲ. ಅದು ಏನು ಹೇಳುತ್ತದೆ ಎಂದು ಯಾರಾದರೂ ಕೇಳಿದ್ದರೆ ಮಾತ್ರ ನನಗೆ ಗೊತ್ತಿರುತ್ತಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಎನ್ನುತ್ತಾರಲ್ಲ, ಅದು ನನ್ನ ಮೇಜಿಗೇ ಹೇಳಿದ ಮಾತು.

ಹೋದ ಗುರುವಾರ ಆ ಮೇಜಿಗೆ ಅದೇ ಕಂಪನಿಯ ಹೊಸ ಲೇಬಲ್ಲು ಬಂತು. ಈ ಸಲ ಗುಲಾಬಿ ಬಣ್ಣ, ಬೇರೆ ಹೆಸರು, ಅದೇ ಎಲೆ. ಹೆರಿಗೆಯಾದ ಹೆಂಗಸರು ಮೈ ಇಳಿಸಿಕೊಳ್ಳಲಿಕ್ಕಂತೆ. ಪೆನ್ನು ಹಿಡಿದವಳು ಅದನ್ನು ಕೆಳಗಿಟ್ಟು, ಮೊದಲ ಪದದಿಂದ ಓದಿದೆ. ಎರಡು ಸಲ ಓದಿದೆ. ಎಚ್ಚರಿಕೆಯ ಒಂದು ಸಾಲೂ ಇರಲಿಲ್ಲ. ಸಹಿ ಹಾಕದೆ ಪ್ರೆಸ್ಸಿನ ಯಜಮಾನರ ಮೇಜಿನ ಮೇಲಿಟ್ಟು ಬಂದೆ.

ಒಪ್ಪಿಗೆಯಾದ ಪ್ರೂಫುಗಳನ್ನು ನಮ್ಮಲ್ಲಿ ಐದು ವರ್ಷ ಎಸೆಯುವುದಿಲ್ಲ. ಮೇಜಿನ ಮೇಲಿನ ಕಬ್ಬಿಣದ ಮುಳ್ಳಿಗೆ ಚುಚ್ಚಿಟ್ಟು, ತುಂಬಿದ ಮೇಲೆ ದಾರ ಪೋಣಿಸಿ ಅಟ್ಟಕ್ಕೆ ಹಾಕುತ್ತೇವೆ, ನಾಳೆ ಗಿರಾಕಿ ‘ನಾನು ಹೀಗೆ ಹೇಳಿರಲಿಲ್ಲ’ ಎಂದು ತಗಾದೆ ತೆಗೆದರೆ ತೋರಿಸಲಿಕ್ಕೆ. ಶನಿವಾರ ಮೊಣಕಾಲಿನ ಮಾತು ಕೇಳದೆ ಅಟ್ಟ ಹತ್ತಿದೆ. ಮೈಯೆಲ್ಲ ಧೂಳು, ಮೂಗಿನ ತುಂಬ ಹಳೆಯ ಶಾಯಿಯ ವಾಸನೆ. ಎರಡು ವರ್ಷದ ಹಿಂದಿನ ಕಟ್ಟಿನಲ್ಲಿ ಆ ಹಸಿರು ಲೇಬಲ್ಲಿನ ಮೊದಲ ಪ್ರೂಫು ಸಿಕ್ಕಿತು. ಕೆಳಭಾಗದಲ್ಲಿ ಮೂರು ಸಾಲಿವೆ. ‘ಹೃದ್ರೋಗ, ರಕ್ತದೊತ್ತಡ ಇರುವವರು ವೈದ್ಯರನ್ನು ಕೇಳದೆ ಸೇವಿಸಬಾರದು. ಚಹಾ, ಕಾಫಿಯ ಜೊತೆಗೆ ಅಥವಾ ಶ್ರಮದ ಕೆಲಸಕ್ಕೆ ಮುಂಚೆ ಸೇವಿಸಬಾರದು. ಎದೆಬಡಿತ ಹೆಚ್ಚಿದರೆ, ಕೈ ನಡುಗಿದರೆ ಕೂಡಲೇ ನಿಲ್ಲಿಸಬೇಕು.’ ಮೂರರ ಮೇಲೂ ನೀಲಿ ಶಾಯಿಯಲ್ಲಿ ಅಡ್ಡಗೆರೆ. ಸಾಲುಗಳು ಅಂಚು ಮೀರುತ್ತಿವೆ, ಇವನ್ನು ತೆಗೆಯಬಹುದೇ ಎಂದು ಪ್ರೆಸ್ಸಿನವರು ಯಾರೋ ಪಕ್ಕದ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಕೇಳಿದ್ದಾರೆ. ಆ ಸಾಲುಗಳ ಕೆಳಗೆ ಕಂಪನಿಯ ವ್ಯವಸ್ಥಾಪಕ ತನ್ನ ಕೈಯಾರೆ ಬರೆದಿದ್ದಾನೆ: ‘ತೆಗೆಯಿರಿ. ಇದನ್ನು ಓದಿದವರು ಕೊಳ್ಳುವುದಿಲ್ಲ. ಇದರ ಬದಲು: ಸಂಪೂರ್ಣ ಗಿಡಮೂಲಿಕೆ, ಅಡ್ಡಪರಿಣಾಮವಿಲ್ಲ.’ ಸಹಿ, ಮೊಹರು, ತಾರೀಖು ಎಲ್ಲ ಇವೆ. ಕೋರ್ಟಿಗೆ ಕೊಟ್ಟ ಉತ್ತರದ ಕೆಳಗಿರುವ ಸಹಿಯೂ ಅದೇ. ಅದಕ್ಕೆ ಪೋಣಿಸಿದ ಎರಡನೇ ಪ್ರೂಫಿನಲ್ಲಿ ಆ ಸಾಲುಗಳಿಲ್ಲ. ಮೂಲೆಯಲ್ಲಿ ‘ಸರಿಯಿದೆ’ ಎಂದು ನನ್ನ ಗುರುತು ಇದೆ.

ಅಟ್ಟದ ಮೇಲೆ ಕೂತು ಆ ಮೂರು ಸಾಲನ್ನು ಮೊದಲ ಬಾರಿಗೆ ನೆಟ್ಟಗೆ ಓದಿದೆ ಮಗಳೇ. ಡಾಕ್ಟರನ್ನು ಕೇಳಬಾರದೇ ಎಂದು ಬಾಚಣಿಗೆ ಹಿಡಿದು ಕೇಳಿದವಳು ನೀನು. ಚಹಾ ಕಡಿಮೆ ಮಾಡಿಸಿ, ಎದೆ ಬಡಿದುಕೊಳ್ಳುತ್ತಿದೆ, ನಿಲ್ಲಿಸಲು ಹೇಳಿ ಎಂದು ಅಡುಗೆಮನೆಯಲ್ಲಿ ಬೇಡಿಕೊಂಡವಳೂ ನೀನು. ಲೇಬಲ್ಲಿನಿಂದ ಅವರು ತೆಗೆದದ್ದನ್ನೆಲ್ಲ ನೀನು ನಮ್ಮ ಮನೆಯಲ್ಲಿ ಬಾಯಿಬಿಟ್ಟು ಹೇಳಿದ್ದೆ. ನಾನು ಅಲ್ಲಿಯೂ ತೆಗೆದುಹಾಕಿದೆ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ನನ್ನನ್ನು ಕ್ಷಮಿಸು ಎಂದು ಕೇಳುವ ಮುಖವಿಲ್ಲ, ಆದರೂ ಕೇಳುತ್ತಿದ್ದೇನೆ.

ರಾಜಿಯ ಕಾಗದವನ್ನೂ ವಕೀಲಮ್ಮನ ಬಳಿ ನೋಡಿದೆ. ಕಂಪನಿಯವರು ‘ಅನುಕಂಪದಿಂದ’ ಕೊಡುತ್ತಾರಂತೆ, ತಪ್ಪು ಒಪ್ಪಿಕೊಂಡಲ್ಲ. ಬದಲಿಗೆ ನೀನು ಈ ವಿಷಯವನ್ನು ಎಲ್ಲಿಯೂ ಎತ್ತುವಂತಿಲ್ಲ, ಔಷಧ ತಪಾಸಣೆಯ ಅಧಿಕಾರಿಗಳಿಗೆ ದೂರು ಕೊಡುವಂತಿಲ್ಲ, ಅವನು ಎಚ್ಚರಿಕೆ ಲೆಕ್ಕಿಸಲಿಲ್ಲ ಎಂಬ ಮಾತು ಹಾಗೇ ಉಳಿಯುತ್ತದೆ. ಅದು ಹದಿಮೂರನೇ ಕಲಮಿನಲ್ಲಿದೆ, ಸಣ್ಣ ಅಕ್ಷರದಲ್ಲಿ. ನೀನು ಮಾಡಿಕೊಟ್ಟ ಗಾಜಿಗೆ ಕಾಣಿಸಿತು. ನಿನಗೆ ಮಗು ಇದೆ, ಬಾಡಿಗೆ ಇದೆ, ದಣಿವು ಇದೆ. ಬೇಡ ಎಂದು ಆಜ್ಞೆ ಮಾಡಲು ನಾನು ಯಾರು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ, ಈಗ ಮಾತು ನಿನ್ನದು. ಆದರೆ ಇಂಥ ಕಾಗದವೊಂದು ಸಿಕ್ಕರೆ ಪರಿಹಾರದ ಜೊತೆಗೆ ಸರಕನ್ನೇ ಅಂಗಡಿಗಳಿಂದ ತೆಗೆಸುವಂತೆ ಕೇಳಬಹುದು ಎಂದು ವಕೀಲಮ್ಮ ಹಿಂದೊಮ್ಮೆ ಹೇಳಿದ್ದರು. ಗುಲಾಬಿ ಲೇಬಲ್ಲು ಇನ್ನೂ ಅಚ್ಚಾಗಿಲ್ಲ. ಹಸುಗೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಯಾವಳೋ ಅದನ್ನು ನುಂಗುವುದು ನನ್ನ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಮತ್ತು ನಮ್ಮ ಏಣಿರಾಯ ಎಚ್ಚರಿಕೆ ಓದದ ಉಡಾಳ ಎಂದು ಕೋರ್ಟಿನ ಕಡತದಲ್ಲಿ ಉಳಿಯಬಾರದು. ಬೀಳುವಾಗಲೂ ಕೆಳಗಿನವರನ್ನು ನೆನೆದವನು ಅವನು.

ಬಿಡುವು ಮುಗಿಯಿತು, ಯಂತ್ರ ಶುರುವಾಗಿ ಮೇಜು ಅದುರುತ್ತಿದೆ. ಮೂರಕ್ಕೇ ರಜೆ ಕೇಳಿ ಹೊರಟು ಪ್ರೂಫನ್ನು ವಕೀಲಮ್ಮನ ಕೈಗೆ ಕೊಡುತ್ತೇನೆ. ನಿನ್ನ ಅಣ್ಣನಿಗೂ ಅತ್ತಿಗೆಗೂ ನನ್ನ ನಮಸ್ಕಾರ ತಿಳಿಸು. ನನ್ನ ಮನೆಯ ಜೀವಗಳೆರಡನ್ನು ಕಾಯುತ್ತಿರುವವರು ಅವರು. ಚಿನಕುರಳಿಯ ಬಿದ್ದ ಹಲ್ಲಿನ ಜಾಗಕ್ಕೆ ಅಜ್ಜಿಯ ಮುತ್ತು. ನೀನು ಹೊತ್ತಿಗೆ ಸರಿಯಾಗಿ ಉಣ್ಣು, ನಿನ್ನ ಹೊಟ್ಟೆ ತಣ್ಣಗಿರಲಿ, ಕಣ್ಣೀರು ಇಂಗಲಿ.

ಇತಿ,
ನಿನ್ನ ಅತ್ತೆ

ತಾ.ಕ.: ಅಂಚೆ ಕಚೇರಿಯಲ್ಲಿ ನಿಂತುಕೊಂಡೇ ಬರೆಯುತ್ತಿದ್ದೇನೆ, ಐದಕ್ಕೆ ಡಬ್ಬ ತೆಗೆಯುತ್ತಾರೆ. ಮೇಲೆ ‘ಪ್ರೆಸ್ಸಿನವರು ಯಾರೋ’ ಎಂದು ಬರೆದೆನಲ್ಲ, ಅದು ಸುಳ್ಳು. ಆ ಸಾಲುಗಳನ್ನು ತೆಗೆಯಬಹುದೇ ಎಂದು ಕೇಳಿದವಳು ನಾನು. ಕೆಂಪು ಪೆನ್ನು ನನ್ನದು, ಅಕ್ಷರ ನನ್ನದು. ಲೇಬಲ್ಲು ಚೊಕ್ಕವಾಗಿ ಕಾಣಲಿ ಎಂದು ಕೇಳಿದೆ, ಆ ವ್ಯವಸ್ಥಾಪಕನಿಗೆ ಅದೇ ಬೇಕಾಗಿತ್ತು. ಆಸ್ಪತ್ರೆಯ ಓಣಿಯಲ್ಲಿ ಡಾಕ್ಟರು ಎಚ್ಚರಿಕೆ ಇತ್ತೇ ಎಂದಾಗಲೇ ನನಗೆ ನೆನಪಾಗಿತ್ತು. ಅಂಚು ಮೀರಿದ ಮೂರು ಸಾಲಿದ್ದವು ಎಂಬಷ್ಟು. ‘ಗೊತ್ತಿಲ್ಲ’ ಎಂದೆ, ಹತ್ತು ತಿಂಗಳು ಅಟ್ಟದ ಕಡೆ ತಲೆ ಎತ್ತಲಿಲ್ಲ, ಆ ಭಯದಲ್ಲೇ ನಿನ್ನ ಮೇಲೆ ಹರಿಹಾಯ್ದೆ. ನಿನ್ನೆ ಪ್ರೂಫು ತೋರಿಸಿದಾಗ ಯಜಮಾನರು ‘ಅಂಚು ಕತ್ತರಿಸಿ ಅವನ ಬರಹ ಮಾತ್ರ ಕೊಡಿ, ನಿಮ್ಮ ಹೆಸರೂ ಬರಲ್ಲ, ಪ್ರೆಸ್ಸಿನ ಹೆಸರೂ ಬರಲ್ಲ’ ಎಂದು ಕತ್ತರಿ ಕೊಟ್ಟರು. ಒಂದಿಂಚು ಕತ್ತರಿಸಿದೆ. ಅಷ್ಟಕ್ಕೆ ಕೈ ನಿಂತಿತು. ಈಗ ವಕೀಲಮ್ಮನಿಗೆ ಎಲ್ಲವನ್ನೂ ಹೇಳಿ, ಅಂಚಿನ ಸಮೇತ, ಆ ಒಂದಿಂಚಿನ ಸಮೇತ ಕೊಟ್ಟು ಬಂದೆ. ಕೆಲಸ ಹೋಗಬಹುದು, ಹೋಗಲಿ. ಇಪ್ಪತ್ತೊಂದರ ಶುಕ್ರವಾರ ಆ ಪ್ರೂಫನ್ನು ನಾನೇ ಕಟಕಟೆಯಲ್ಲಿ ನಿಂತು ಓದಬೇಕಂತೆ, ಜೋರಾಗಿ, ಮೊದಲ ಪದದಿಂದ, ನನ್ನ ಪ್ರಶ್ನೆಯನ್ನೂ ಸೇರಿಸಿ. ನೀನು ಬಾ. ನನ್ನ ಪಕ್ಕ ಕೂರಲು ಮನಸ್ಸಾಗದಿದ್ದರೆ ಹಿಂದಿನ ಬೆಂಚಿನಲ್ಲಿ ಕೂರು. ಬರುವಾಗ ನಿನ್ನ ಆ ಸಣ್ಣ ಸ್ಕ್ರೂಡ್ರೈವರು ತಾ, ಓದುವಾಗ ಕನ್ನಡಕ ಮೂಗಿನಿಂದ ಜಾರಬಾರದು.